ಡೀಸೆಲ್ ಎಲ್ಲಿ ಹೋಯಿತು

“ಇಂಜಿನ್‌ನಲ್ಲಿ ಏನೂ ತೊಂದ್ರೆ ಇಲ್ಲ ಅಂತ ನಿಮ್ಮ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರ್ಕೊಟ್ಬಿಡಿ ಮೇಡಂ. ನಂಗೆ ಅಷ್ಟೇ ಸಾಕು.”

ಕಾರಿನ ಬಾನೆಟ್ ಇನ್ನೂ ತೆರೆದಿರಲಿಲ್ಲ. ಸಾರಕ್ಕಿಯ ಹಿಂದಿನ ರಸ್ತೆಯಲ್ಲಿರುವ ನನ್ನ ಗ್ಯಾರೇಜಿಗೆ ಬರುವವರು ಸಾಮಾನ್ಯವಾಗಿ ಗಾಡಿಯಲ್ಲಿ ಏನೋ ಕೆಟ್ಟಿದೆ ಎಂದು ಬರುತ್ತಾರೆ. ಕೆಟ್ಟಿಲ್ಲ ಎಂದು ಬರೆಸಿಕೊಳ್ಳಲು ಬಂದವರು ಇವರೇ ಮೊದಲು. ಬೆಳಿಗ್ಗೆ ಬೆಳಿಗ್ಗೆಯೇ ಇಂಥ ಅಪ್ಪಣೆ ಕೇಳಿಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

“ನೋಡ್ದೆ ಬರೆಯೋಕೆ ಇದೇನು ಮದ್ವೆ ಇನ್ವಿಟೇಷನ್ನಾ ಸಾರ್? ಕೂತ್ಕೊಳ್ಳಿ, ವಿಷಯ ಏನು ಹೇಳಿ” ಎಂದೆ.

ಅವರು ಸುಬ್ರಹ್ಮಣ್ಯಪುರದ ಹಳೆಯ ಮನೆತನದವರು. ಒಂದು ಕಾಲದಲ್ಲಿ ರಾಗಿ, ಅವರೆ ಬೆಳೆದ ಹೊಲ ಈಗ ಬಾಡಿಗೆ ಮನೆಗಳಾಗಿವೆ. ಎಲ್ಲರೂ ಅವರನ್ನು ಯಜಮಾನರು ಎಂದೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ. ಅವರ ಡೀಸೆಲ್ ಕಾರು ಕೊಂಡ ಹೊಸದರಲ್ಲಿ ಊರೊಳಗೆ ಲೀಟರಿಗೆ ಹದಿನೈದು ಕಿಲೋಮೀಟರ್ ಕೊಡುತ್ತಿತ್ತಂತೆ. ಈಗ ಒಂಬತ್ತು, ಹೆಚ್ಚೆಂದರೆ ಹತ್ತು. ಸರ್ವಿಸ್ ಸೆಂಟರಿನವರು ನೋಡಿ ಎಲ್ಲ ಸರಿಯಿದೆ ಎಂದಿದ್ದಾರೆ. ಡೀಸೆಲ್ ಹಾಕಿಸಿಕೊಂಡು ಬರುವವರು ಡ್ರೈವರ್. ಹಾಗಾದರೆ ಡೀಸೆಲ್ ಎಲ್ಲಿ ಹೋಯಿತು?

“ಬಂಕ್ ಹುಡುಗನ ಜೊತೆ ಸೇರ್ಕೊಂಡು ಕಮ್ಮಿ ಹಾಕ್ಸ್ತಾನೆ, ಪೂರ್ತಿ ಬಿಲ್ ತರ್ತಾನೆ. ಇದೆಲ್ಲ ಗೊತ್ತಿಲ್ದೇ ಇರೋಷ್ಟು ದಡ್ಡನಲ್ಲ ನಾನು. ಶುಕ್ರವಾರ ನಮ್ಮೂರ ಮಾರಮ್ಮನ ಗುಡಿ ಮುಂದೆ ಕರ್ಪೂರ ಆರ್ಸಿ ಪ್ರಮಾಣ ಮಾಡು ಅಂದೆ. ಆಗಲ್ಲ ಅಂದ್ಬಿಟ್ಟ! ಅಲ್ಲಿಗೆ ಮುಗೀತಲ್ಲ? ನಿಮ್ಮ ಕಾಗದ ಹಿಡ್ಕೊಂಡು ಶುಕ್ರವಾರ ಊರವ್ರ ಮುಂದೆ ನಿಲ್ಲಿಸ್ತೀನಿ, ಆಗ್ಲೂ ಆರ್ಸ್ಲಿಲ್ಲ ಅಂದ್ರೆ ತೀರ್ಮಾನ ಅಲ್ಲೇ.”

ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ಬಡಿದು ಆರಿಸಿ ಆಣೆ ಮಾಡುವುದು ಇಲ್ಲಿನ ಹಳೆಯ ಊರುಗಳಲ್ಲಿ ಈಗಲೂ ಇದೆ. ಸುತ್ತ ಅಪಾರ್ಟ್‌ಮೆಂಟ್ ಎದ್ದಿರಬಹುದು, ಗುಡಿಯ ಮುಂದೆ ನಿಂತ ಮೇಲೆ ಊರು ಊರೇ. ಆಣೆ ಮಾಡಿದವನನ್ನು ಊರು ನಂಬುತ್ತದೆ, ಹಿಂದೆ ಸರಿದವನು ಕಳ್ಳ. ಅದಕ್ಕೆ ಮೇಲೆ ಅಪೀಲು ಇಲ್ಲ.

ನಾನು ಗೇಟಿನ ಕಡೆ ನೋಡಿದೆ. ಡ್ರೈವರ್ ಅಲ್ಲಿ ಕೈಕಟ್ಟಿ ನಿಂತಿದ್ದರು. ನಲವತ್ತೈದು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಶರ್ಟು. ಅವರ ಸಂಸಾರ ಇರುವುದು ಯಜಮಾನರದೇ ವಠಾರದ ಒಂದು ಮನೆಯಲ್ಲಿ. ಮಗಳು ಹತ್ತನೇ ಕ್ಲಾಸು. ನನ್ನ ಎರಡು ಸಾಲು ಯಜಮಾನರ ಕೈಗೆ ಹೋದರೆ ಆ ಮನುಷ್ಯನಿಗೆ ಕೆಲಸವೂ ಹೋಗುತ್ತದೆ, ಮನೆಯೂ ಹೋಗುತ್ತದೆ, ಕಳ್ಳ ಎಂಬ ಹೆಸರು ಮಾತ್ರ ಉಳಿಯುತ್ತದೆ.

“ಗಾಡಿ ಬಿಟ್ಟು ಹೋಗಿ ಸಾರ್. ನೋಡಿ ಹೇಳ್ತೀನಿ” ಎಂದೆ.

ಮೈಲೇಜ್ ಬಿದ್ದಿದೆ ಎಂದರೆ ನಾವು ಮೊದಲು ಇಂಜಿನ್ ಕಡೆ ಹೋಗುವುದಿಲ್ಲ. ಟೈರುಗಳ ಗಾಳಿ ನೋಡಿದೆವು, ಸರಿಯಿತ್ತು. ಗಾಡಿಯನ್ನು ಜಾಕ್ ಮೇಲೆ ಎತ್ತಿ ಒಂದೊಂದು ಚಕ್ರವನ್ನೂ ಕೈಯಲ್ಲಿ ತಿರುಗಿಸಿ ನೋಡಿದೆವು, ಬ್ರೇಕ್ ಹಿಡಿದುಕೊಂಡಿರಲಿಲ್ಲ. ಏರ್ ಫಿಲ್ಟರ್ ಸ್ವಚ್ಛವಾಗಿತ್ತು. ಟ್ಯಾಂಕು, ಪೈಪು ಎಲ್ಲೂ ಸೋರಿಕೆ ಇಲ್ಲ. ಸ್ಕ್ಯಾನರ್ ಹಾಕಿದರೆ ಒಂದೇ ಒಂದು ಎರರ್ ಕೋಡ್ ಇಲ್ಲ. ಆಮೇಲೆ ಟ್ಯಾಂಕ್ ತುಂಬಿಸಿ, ನಾನೇ ಕನಕಪುರ ರಸ್ತೆಯಲ್ಲಿ ದೂರ ಹೋಗಿ ವಾಪಸ್ಸು ಬಂದು, ಅದೇ ಬಂಕಿನಲ್ಲಿ ಅದೇ ಪಂಪಿನಲ್ಲಿ ಮತ್ತೆ ತುಂಬಿಸಿದೆ. ಹದಿನೇಳು ಬಂತು. ಗಾಡಿ ನೀರು ಕುಡಿದಷ್ಟು ಸಲೀಸಾಗಿ ಓಡಿತು.

ನಮ್ಮ ಹಿರಿಯ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ನಕ್ಕರು. “ಅಕ್ಕ, ಇನ್ನೇನು ನೋಡ್ತೀರಾ? ಡ್ರೈವರ್ ಬಂಕಲ್ಲೇ ಹೊಡ್ದವ್ನೆ. ಬರ್ಕೊಟ್ಟು ಕಳ್ಸಿ, ಬೇರೆ ಗಾಡಿಗಳು ಕ್ಯೂನಲ್ಲಿ ಅವೆ.”

ಒಪ್ಪಿಕೊಳ್ಳುತ್ತೇನೆ, ನನಗೂ ಹಾಗೇ ಅನಿಸಿತ್ತು. ಟೇಬಲ್ ಮೇಲೆ ಲೆಟರ್‌ಹೆಡ್ ಎಳೆದುಕೊಂಡಿದ್ದೆ. ಆಯಿಲ್ ಮಟ್ಟವನ್ನೂ ಒಂದು ಮಾತು ಬರೆದುಬಿಡೋಣ ಎಂದು ಎದ್ದು ಹೋಗಿ ಗೇಜ್ ಕಡ್ಡಿ ಎಳೆದೆ. ಆಯಿಲ್ ಮೇಲಿನ ಗುರುತನ್ನೂ ದಾಟಿ ಒಂದು ಬೆರಳು ಮೇಲಿತ್ತು.

ಇಂಜಿನ್ ಆಯಿಲ್ ಓಡಾಡಿದಂತೆ ಕಡಿಮೆಯಾಗಬೇಕು, ಇಲ್ಲ ಅಷ್ಟೇ ಇರಬೇಕು. ಹೆಚ್ಚಾಗುವುದು ಎಂದರೆ ಯಾರೋ ಸುರಿದಿರಬೇಕು. ಡ್ರೈವರಿಗೆ ಫೋನ್ ಮಾಡಿ ಕೇಳಿದೆ.

“ಅಯ್ಯೋ, ನಾನು ಬಾನೆಟ್ಟೇ ಎತ್ತಲ್ಲ ಮೇಡಂ. ವಾಷರ್‌ಗೆ ನೀರು ಹಾಕೋಕೆ ಬಿಟ್ರೆ” ಎಂದರು.

ಕಡ್ಡಿಯ ತುದಿಯ ಹನಿಯನ್ನು ಬೆರಳಿಗೆ ತಗೊಂಡು ಉಜ್ಜಿ ಮೂಸಿದೆ. ಜಿಡ್ಡೇ ಇಲ್ಲ, ತೆಳ್ಳಗೆ ತಿಳಿಸಾರಿನ ಹಾಗಿತ್ತು. ಡೀಸೆಲ್ ವಾಸನೆ ಸೀದಾ ಮೂಗಿಗೆ ಹೊಡೆಯಿತು. ಆಯಿಲ್ ಪೂರ್ತಿ ಇಳಿಸಿ ಅಳತೆ ಜಗ್ಗಿಗೆ ಹಾಕಿದೆವು. ಇಂಜಿನ್ ಹಿಡಿಸುವುದಕ್ಕಿಂತ ಒಂದು ಲೀಟರಿಗೂ ಹೆಚ್ಚು ಬಂತು.

“ಇದೇನಕ್ಕ ಇದು, ಕದ್ದ ಡೀಸೆಲ್ ತಂದು ಇಂಜಿನ್‌ಗೆ ಹುಯ್ದವ್ನಾ?” ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡರು. ನಾನು ಲೆಟರ್‌ಹೆಡ್ ಡ್ರಾಯರಿಗೆ ಹಾಕಿದೆ.

ಡೀಸೆಲ್ ಆಯಿಲಿಗೆ ಸೇರಲು ಮಾಮೂಲಿ ಕಾರಣ ಸೋರುವ ಇಂಜೆಕ್ಟರ್, ಅಂದರೆ ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಳಿಕೆ. ನಾಲ್ಕನ್ನೂ ಬಿಚ್ಚಿ ಇಂಜೆಕ್ಟರ್ ಕೆಲಸ ಮಾಡುವ ಅಂಗಡಿಗೆ ಕಳಿಸಿದೆ. ಅಲ್ಲಿ ಕೆಲಸ ತುಂಬಿತ್ತು, ತಡವಾಯಿತು. ಯಜಮಾನರು ದಿನಾ ಫೋನ್ ಮಾಡಿ, “ಏನ್ ಮೇಡಂ, ಗಾಡಿ ನಿಮ್ಮ ಹತ್ರಾನೇ ಬಾಣಂತನಕ್ಕೆ ಬಿಟ್ಟಿದೀವಾ?” ಎನ್ನುತ್ತಿದ್ದರು. ಕೊನೆಗೆ ಇಂಜೆಕ್ಟರ್ ಬಂದವು. ನಾಲ್ಕೂ ಚೆನ್ನಾಗಿದ್ದವು. ನನ್ನ ಮುಖ ಸಪ್ಪಗಾಯಿತು.

ಉಳಿದದ್ದು ಒಂದೇ ದಾರಿ. ಈಗಿನ ಡೀಸೆಲ್ ಕಾರುಗಳ ಸೈಲೆನ್ಸರ್ ಪೈಪಿನಲ್ಲಿ ಒಂದು ಫಿಲ್ಟರ್ ಇರುತ್ತದೆ. ಹೊಗೆಯ ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಗಾಡಿ ನಿಂತಲ್ಲೇ ತುಂಬಾ ಹೊತ್ತು ಉರಿದರೆ ಅದು ಬೇಗ ತುಂಬುತ್ತದೆ. ಮಸಿ ತುಂಬುತ್ತಾ ಬಂದಾಗ ಇಂಜಿನ್ ತಾನಾಗಿಯೇ ಒಂದಿಷ್ಟು ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು ಚೆನ್ನಾಗಿ ಕಾಯಿಸಿ, ಮಸಿಯನ್ನು ಸುಟ್ಟುಹಾಕುತ್ತದೆ. ಇದಕ್ಕೆ ಕಾಲು ಗಂಟೆ, ಇಪ್ಪತ್ತು ನಿಮಿಷ ಗಾಡಿ ಒಂದೇ ಹದದಲ್ಲಿ ಓಡಬೇಕು. ನಡುವೆ ನಿಲ್ಲಿಸಿಬಿಟ್ಟರೆ ಸುಡುವ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ಸಲ ಮೊದಲಿನಿಂದ ಶುರು. ಹೀಗೆ ಮತ್ತೆ ಮತ್ತೆ ಆದರೆ ಹೆಚ್ಚುವರಿ ಡೀಸೆಲ್ ಸ್ವಲ್ಪ ದಂಡವಾಗಿ ಉರಿದುಹೋಗುತ್ತದೆ, ಸ್ವಲ್ಪ ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಮೈಲೇಜ್ ಬೀಳುವುದು ಒಂದು. ತೆಳುವಾದ ಆಯಿಲಿನಲ್ಲಿ ಓಡಿ ಓಡಿ ಬೇರಿಂಗ್, ಟರ್ಬೊ ಸವೆದು ಒಂದು ದಿನ ಇಂಜಿನ್ನೇ ಹೋಗುವುದು ಇನ್ನೊಂದು.

ಸ್ಕ್ಯಾನರಿನಲ್ಲಿ ಮಸಿಯ ಮಟ್ಟ ನೋಡಿದೆ. ತೀರಾ ಕಡಿಮೆ ಇತ್ತು. ಕಡಿಮೆ ಇರದೆ ಇನ್ನೇನು? ಪರೀಕ್ಷೆ ಮಾಡುತ್ತೇನೆಂದು ಕನಕಪುರ ರಸ್ತೆಯಲ್ಲಿ ಹದವಾಗಿ ಓಡಿಸಿಕೊಂಡು ಹೋದವಳು ನಾನೇ ಅಲ್ಲವೇ. ಆ ಓಟದಲ್ಲಿ ಮಸಿಯೆಲ್ಲ ಸುಟ್ಟುಹೋಗಿತ್ತು. ಸಾಕ್ಷಿಯನ್ನು ನನ್ನ ಕೈಯಾರೆ ತೊಳೆದು ತಂದಿದ್ದೆ. ಹಿಂದೆ ಎಷ್ಟು ಸಲ ಅರ್ಧಕ್ಕೆ ನಿಂತಿತ್ತು ಎಂದು ತೋರಿಸುವ ಪುಟ ನನ್ನ ಸ್ಕ್ಯಾನರಿನಲ್ಲಿ ತೆರೆಯಲಿಲ್ಲ. ಗ್ಯಾರೇಜಿನವರು ಟ್ರಯಲ್ ನೋಡುವುದು ಯಾವಾಗಲೂ ಖಾಲಿ ರಸ್ತೆಯಲ್ಲಿ, ಗಾಡಿ ಬದುಕುವುದು ಉತ್ತರಹಳ್ಳಿ ರಸ್ತೆಯ ಟ್ರಾಫಿಕ್‌ನಲ್ಲಿ. ಇದು ನನಗೆ ಹೊಳೆಯದೇ ಹೋದದ್ದಕ್ಕೆ ನನ್ನ ಮೇಲೆ ನನಗೇ ಕೋಪ ಬಂತು.

ಡ್ರೈವರನ್ನು ಕರೆಸಿ ಕೂರಿಸಿಕೊಂಡು ಕೇಳಿದೆ. “ಅಣ್ಣ, ಗಾಡಿ ನಿಲ್ಸಿದಾಗ ಇಂಜಿನ್ ಆನ್‌ನಲ್ಲೇ ಬಿಟ್ಟಿರ್ತೀರಾ? ತುಂಬಾ ಹೊತ್ತು?”

“ಇಲ್ಲ ಮೇಡಂ.”

“ಎ.ಸಿ. ಹಾಕ್ಕೊಂಡು?”

“ಇಲ್ಲ ಮೇಡಂ.” ನೆಲ ನೋಡುತ್ತಾ ಹೇಳಿದರು.

“ಮತ್ತೆ ಕರ್ಪೂರ ಆರ್ಸೋಕೆ ಯಾಕೆ ಒಪ್ಲಿಲ್ಲ?”

ಎದ್ದು ಕೈಮುಗಿದು ಹೋದರು. ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನನಗೂ ಖಾತ್ರಿಯಾಯಿತು. ಒಳ್ಳೆಯದು ಮಾಡಲು ಹೋದರೆ ಬಾಯೇ ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬೇರೆ.

ಯಜಮಾನರಿಗೆ ಆಯಿಲಿನ ವಿಷಯ ಹೇಳಿ ಮುಂದಿನ ಶುಕ್ರವಾರದವರೆಗೆ ಸಮಯ ಕೇಳಿದೆ. ಹೊಸ ಆಯಿಲನ್ನು ಕಡ್ಡಿಯ ಗುರುತಿಗೆ ಸರಿಯಾಗಿ ತುಂಬಿ, ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ಸಿಕ್ಕಿಸಿದೆ. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತೇ ಉರಿಯಿತು, ಮಸಿ ಎಷ್ಟಾಯಿತು ಎಲ್ಲವನ್ನೂ ಅದು ಹಿಡಿದಿಡುತ್ತದೆ. ಇಬ್ಬರಿಗೂ ಹೇಳಿಯೇ ಹಾಕಿದೆ. ಕದ್ದು ನೋಡುವುದು ನನಗೆ ಇಷ್ಟವಿರಲಿಲ್ಲ.

ಅದೇ ಎಡವಟ್ಟಾಯಿತು. ವಾರ ಕಳೆದು ಯಜಮಾನರು ಮೀಸೆ ತಿರುವಿಕೊಂಡು ಬಂದರು.

“ಹದ್ನಾಲ್ಕೂವರೆ ಬಂತು ಮೇಡಂ! ನೀವು ಆ ಮಿಷನ್ ಇಟ್ಟಿದ್ದೇ ಇಟ್ಟಿದ್ದು, ಡೀಸೆಲ್ ತಾನಾಗೇ ಉಳೀತು. ಇನ್ನೇನು ಬೇಕು? ಕಳ್ಳನಿಗೆ ಹೆದ್ರಿಕೆ ಹುಟ್ಟಿದೆ, ಕೈ ಕಟ್ಕೊಂಡಿದಾನೆ.”

ಅವರ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿರಲಿಲ್ಲ. ಡ್ರೈವರನ್ನು ಉಳಿಸಲು ಇಟ್ಟ ಯಂತ್ರವೇ ಅವರ ಕೊರಳಿಗೆ ಬಂದಿತ್ತು. ಆದರೆ ಯಂತ್ರದಲ್ಲಿದ್ದ ವಿವರ ತೆಗೆದು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ಗಾಡಿ ಆ ವಾರವೆಲ್ಲ ನಿಂತು ಉರಿದದ್ದು ಸಿಗ್ನಲ್‌ಗಳಲ್ಲಿ ಮಾತ್ರ, ಮಸಿ ಇನ್ನೂ ಸುಡುವ ಮಟ್ಟ ಮುಟ್ಟಿರಲಿಲ್ಲ. ಯಜಮಾನರು ಬ್ಯಾಂಕಿಗೋ ಸಬ್‌ರಿಜಿಸ್ಟ್ರಾರ್ ಕಚೇರಿಗೋ ಹೋಗಿ ತಾಸುಗಟ್ಟಲೆ ಕೂತಾಗ ಇಂಜಿನ್ ಪೂರ್ತಿ ಬಂದ್. ಮಧ್ಯಾಹ್ನದ ಬಿಸಿಲಿನಲ್ಲಿ ಗಾಜು ಏರಿಸಿ ನಿಂತ ಕಾರಿನಲ್ಲಿ ಮನುಷ್ಯ ಹಾಗೆ ಕೂತಿರಲು ಸಾಧ್ಯವಿಲ್ಲ. ಮೊದಲು ಎ.ಸಿ. ಹಾಕುತ್ತಿದ್ದವರು ಯಂತ್ರ ಬಂದ ಮೇಲೆ ನಿಲ್ಲಿಸಿರಬೇಕು.

“ಇವತ್ತು ಅವ್ರನ್ನ ಏನೂ ಅನ್ಬೇಡಿ ಸಾರ್. ಗಾಡಿ ಇಲ್ಲೇ ಬಿಡಿ, ಅವ್ರನ್ನೂ ಬಿಟ್ಟು ಹೋಗಿ” ಎಂದೆ. ಯಜಮಾನರು ಗೊಣಗುತ್ತಾ ಆಟೊ ಹತ್ತಿದರು.

ಡ್ರೈವರಿಗೆ ಒಂದು ಲೋಟ ಕಾಫಿ ಕೊಟ್ಟು ಎದುರಿಗೆ ಕೂತೆ. ಈ ಸಲ ಸುತ್ತುಬಳಸಿ ಮಾತಾಡಲಿಲ್ಲ.

“ಅಣ್ಣ, ಈ ವಾರ ನೀವು ಏನು ಬದಲಾಯಿಸಿದ್ರಿ ಹೇಳಿ. ನಂಗೆ ಹೇಳ್ಲಿಲ್ಲ ಅಂದ್ರೆ ನಾಡಿದ್ದು ನೀವು ಕಳ್ಳ. ಆಮೇಲೆ ನನ್ ಕೈಯಲ್ಲಿ ಏನೂ ಆಗಲ್ಲ.”

ಅವರು ಲೋಟ ಕೆಳಗಿಟ್ಟರು.

“ಮಧ್ಯಾಹ್ನ ಊಟ ಆದ್ಮೇಲೆ ಎ.ಸಿ. ಹಾಕ್ಕೊಂಡು ಗಾಡೀಲೇ ಮಲಗ್ತಿದ್ದೆ ಮೇಡಂ. ಒಂದು ಗಂಟೆ, ಒಂದೊಂದ್ಸಲ ಎರಡು. ಅವ್ರು ಬರೋ ಹೊತ್ಗೆ ಕಾರು ತಣ್ಣಗಿರ್ಬೇಕು ಅಂತ ಹಾಕೋದು ಬೇರೆ, ಅದು ಅವ್ರೇ ಹೇಳಿರೋದು. ಆದ್ರೆ ಮಲಗಿದ್ದು ನನ್ನ ಸುಖಕ್ಕೆ. ಅದೂ ಅವ್ರ ಡೀಸೆಲ್ ತಾನೆ? ‘ಡೀಸೆಲ್ ಮುಟ್ಟಿಲ್ಲ’ ಅಂತ ಅಮ್ಮನ ಮುಂದೆ ಕರ್ಪೂರ ಹೆಂಗೆ ಆರ್ಸ್ಲಿ? ನಂಗೂ ಮಗಳಿದಾಳೆ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಂಕಿನಲ್ಲಿ ಹೊಡೆದವರು ಯಾರಾದರೂ ಆಗಿದ್ದರೆ ಕಣ್ಣು ಮಿಟುಕಿಸದೆ ಕರ್ಪೂರ ಆರಿಸಿ, ಪ್ರಸಾದವನ್ನೂ ತಿಂದು ಮನೆಗೆ ಹೋಗುತ್ತಿದ್ದರು. ಈ ಮನುಷ್ಯ ಮಧ್ಯಾಹ್ನದ ನಿದ್ದೆಗಾಗಿ ಕೆಲಸ, ಮನೆ ಎರಡನ್ನೂ ಕಳೆದುಕೊಳ್ಳಲು ತಯಾರಾಗಿ ಕೂತಿದ್ದರು.

“ಇನ್ನೊಂದು ಕೇಳ್ತೀನಿ. ಗಾಡಿ ನಿಲ್ಸಿದ ಮೇಲೆ ಯಾವತ್ತಾದ್ರೂ ಇಂಜಿನ್ ಜೋರಾಗಿ ಉರಿಯೋದು, ಫ್ಯಾನು ಗುಂಯ್ ಅಂತ ಸದ್ದು ಮಾಡೋದು, ಸುಟ್ಟ ವಾಸನೆ ಬರೋದು ಆಗಿತ್ತಾ?”

“ಎಷ್ಟೋ ಸಲ! ಹೀಟ್ ಆಗೋಯ್ತು ಅಂತ ತಕ್ಷಣ ಆಫ್ ಮಾಡ್ಬಿಡ್ತೀನಿ. ತಣ್ಣಗಾಗ್ಲಿ ಅಂತ. ಒಂದ್ಸಲ ಹಳದಿ ಲೈಟೂ ಬಂದಿತ್ತು. ಸರ್ವಿಸ್ ಸೆಂಟರಲ್ಲಿ ಏನೋ ಒತ್ತಿ ಅಳಿಸಿ ಕಳ್ಸಿದ್ರು.”

ಗಂಟು ಬಿದ್ದಿದ್ದು ಅಲ್ಲಿ. ಇಂಜಿನ್ ಕಷ್ಟಪಟ್ಟು ಮಸಿ ಸುಡಲು ಶುರು ಮಾಡಿದಾಗಲೆಲ್ಲ ಇವರು ಕಾಳಜಿಯಿಂದ ಅದನ್ನು ಆರಿಸುತ್ತಿದ್ದರು. ಆದರೆ ಇದು ನನಗೆ ಗೊತ್ತಾದರೆ ಏನು ಬಂತು? ಯಜಮಾನರಿಗೆ ನಾನು ಬಾಯಲ್ಲಿ ಹೇಳಿದರೆ ಡ್ರೈವರ್ ಪರ ವಕಾಲತ್ತು ಎನ್ನುತ್ತಾರೆ. ನಿದ್ದೆಯ ವಿಷಯ ಹೇಳಿದರೆ ಅದಕ್ಕೇ ಕೆಲಸದಿಂದ ತೆಗೆದಾರು.

ಆಗ ಒಂದು ತೀರ್ಮಾನ ಮಾಡಿದೆ. ರೋಗ ಮತ್ತೆ ಬರಲಿ, ಯಜಮಾನರ ಕಣ್ಣೆದುರೇ ಬರಲಿ.

“ನಾಳೆಯಿಂದ ಮೊದಲು ಹೆಂಗೆ ಓಡಿಸ್ತಿದ್ರೋ ಹಂಗೇ ಓಡ್ಸಿ. ಮಧ್ಯಾಹ್ನ ಎ.ಸಿ. ಹಾಕ್ಕೊಂಡು ಮಲ್ಕೊಳ್ಳಿ” ಎಂದೆ.

“ಅಯ್ಯಯ್ಯೋ, ಬೇಡ ಮೇಡಂ!”

“ಮಲ್ಕೊಳ್ಳಿ ಅಂದೆ. ನಿದ್ದೆ ಬರ್ದಿದ್ರೆ ಕಣ್ಮುಚ್ಕೊಂಡು ಬಿದ್ದಿರಿ. ಯಜಮಾನ್ರ ಹತ್ರ ನಾನು ಮಾತಾಡ್ತೀನಿ.”

ಯಜಮಾನರಿಗೆ ಷರತ್ತು ಹಾಕಿದೆ. ಈ ವಾರ ಡೀಸೆಲ್ ಹಾಕಿಸುವುದು ನೀವೇ, ಖುದ್ದಾಗಿ ಬಂಕಿಗೆ ಹೋಗಿ, ಮೀಟರ್ ಸೊನ್ನೆ ನೋಡಿ. ಗಾಡಿ ರಾತ್ರಿ ನಿಮ್ಮ ಗೇಟಿನೊಳಗೆ. ಡ್ರೈವರ್ ಹೇಗೆ ಓಡಿಸಿದರೂ, ಎ.ಸಿ. ಹಾಕಿದರೂ ಮಾತಾಡುವಂತಿಲ್ಲ, ಅದು ನಾನು ಹೇಳಿ ಮಾಡಿಸುತ್ತಿರುವುದು. ಮೈಲೇಜ್ ಹದಿನಾಲ್ಕೇ ಬಂದರೆ ನಿಮ್ಮ ಕಾಗದ ಬರೆದುಕೊಡುತ್ತೇನೆ.

“ಅಮ್ಮನಿಗೆ ಎಷ್ಟು ಸಲ ಅಂತ ವಾಯಿದೆ ಕೇಳ್ಲಿ ಮೇಡಂ? ಪೂಜಾರಿ ನಗ್ತಾನೆ” ಎಂದರು. ಆದರೂ ಒಪ್ಪಿದರು. ಗೆದ್ದೇ ಗೆಲ್ಲುವೆನೆಂಬ ಧೈರ್ಯ ಅವರಿಗೆ.

ದಿನಾ ಸಂಜೆ ಗಾಡಿ ಗ್ಯಾರೇಜಿಗೆ ಬಂದು ಹೋಗುತ್ತಿತ್ತು. ಮಸಿ ಏರುತ್ತಲೇ ಇತ್ತು. ಎರಡು ಸಲ ಸುಡಲು ಶುರುವಾಗಿ ಅರ್ಧಕ್ಕೇ ನಿಂತದ್ದೂ ಯಂತ್ರದಲ್ಲಿ ದಾಖಲಾಗಿತ್ತು. ಮತ್ತೆ ಸುಡುವ ಮಟ್ಟಕ್ಕೆ ಹತ್ತಿರ ಬಂದ ದಿನ, ನಾಳೆ ನಾನೂ ನಿಮ್ಮ ಜೊತೆ ಬರುತ್ತೇನೆ ಎಂದು ಯಜಮಾನರಿಗೆ ಹೇಳಿದೆ.

ಮರುದಿನ ಅವರು ಹಿಂದಿನ ಸೀಟಿನಲ್ಲಿ, ನಾನು ಮುಂದೆ ಸ್ಕ್ಯಾನರನ್ನು ತೊಡೆಯ ಮೇಲಿಟ್ಟುಕೊಂಡು. ಉತ್ತರಹಳ್ಳಿ ದಾಟಿ ಬನಶಂಕರಿ ಕಡೆಗೆ ಹೊರಟೆವು. ಸ್ವಲ್ಪ ಖಾಲಿ ರಸ್ತೆ ಸಿಕ್ಕಿ ಇಂಜಿನ್ ತುಸು ಜೋರಾದದ್ದೇ ತಡ, ಹಿಂದಿನಿಂದ ಯಜಮಾನರ ಬೆರಳು ಡ್ರೈವರಿನ ಭುಜವನ್ನು ತಟ್ಟಿತು. ಡ್ರೈವರ್ ಕೂಡಲೇ ಮೇಲಿನ ಗೇರಿಗೆ ಹಾಕಿದರು. ಇಪ್ಪತ್ತೈದರ ವೇಗದಲ್ಲಿ ನಾಲ್ಕನೇ ಗೇರು. ಇಂಜಿನ್ ಗುರುಗುಟ್ಟಿ ನಡುಗಿತು.

“ಏನ್ ಸಾರ್ ಅದು, ತಟ್ಟಿದ್ದು?”

“ಇಂಜಿನ್ ಸದ್ದು ಕೇಳ್ಬಾರ್ದು ಮೇಡಂ. ಸದ್ದು ಜಾಸ್ತಿ ಆದ್ರೆ ಡೀಸೆಲ್ ಜಾಸ್ತಿ. ಟ್ರ್ಯಾಕ್ಟರ್ ಕಾಲದಿಂದ್ಲೂ ನಾನು ಕಂಡಿದೀನಿ.”

ಇಳಿಜಾರು ಬಂದಾಗ ಮತ್ತೊಮ್ಮೆ ತಟ್ಟಿದರು. ಡ್ರೈವರ್ ನ್ಯೂಟ್ರಲ್ ಮಾಡಿದರು. ಇಳಿಜಾರಿನಲ್ಲಿ ಗೇರಿನಲ್ಲೇ ಬಿಟ್ಟರೆ ಈಗಿನ ಇಂಜಿನ್ ಡೀಸೆಲನ್ನೇ ನಿಲ್ಲಿಸಿಬಿಡುತ್ತದೆ, ನ್ಯೂಟ್ರಲ್ ಮಾಡಿದರೆ ಇಂಜಿನ್ ನಿಲ್ಲದಿರಲಿ ಎಂದು ಉರಿಸುತ್ತಲೇ ಇರುತ್ತದೆ. ಯಜಮಾನರು ಹೀಗೆ ಭುಜ ತಟ್ಟಿ ಓಡಿಸುತ್ತಾರೆ ಎನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇಷ್ಟು ಕೆಳಗಿನ ಹದದಲ್ಲಿ ಓಡಿದರೆ ಸೈಲೆನ್ಸರ್ ಯಾವತ್ತೂ ಕಾಯುವುದಿಲ್ಲ, ಮಸಿ ಸುಡುವುದು ದೂರದ ಮಾತು. ಡ್ರೈವರಿನ ನಿದ್ದೆ ಇದರ ಅರ್ಧ ಮಾತ್ರ. ಉಳಿದರ್ಧ ಆ ಬೆರಳಿನಲ್ಲಿತ್ತು.

ಜಯನಗರ ನಾಲ್ಕನೇ ಬ್ಲಾಕಿನ ಬ್ಯಾಂಕಿನ ಕೆಲಸ ಮುಗಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಬನಶಂಕರಿಯಲ್ಲಿ ನಿಂತೆವು. ಡ್ರೈವರ್ ಎ.ಸಿ. ಹಾಕಿಕೊಂಡು ಕಣ್ಣುಮುಚ್ಚಿದರು. ಪಾಪ, ರೆಪ್ಪೆ ಅದುರುತ್ತಿತ್ತು. ಸಂಜೆ ಮನೆ ಕಡೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಕ್ಯಾನರಿನಲ್ಲಿ ಸೈಲೆನ್ಸರ್ ಬಿಸಿ ಸರಸರನೆ ಏರತೊಡಗಿತು. ಮಸಿ ಸುಡುವುದು ಶುರುವಾಗಿತ್ತು. ಯಜಮಾನರು ಎಳನೀರು ಕುಡಿಯಬೇಕೆಂದು ಗಾಡಿ ಬದಿಗೆ ಹಾಕಿಸಿದರು. ನಿಂತ ಕೂಡಲೇ ಇಂಜಿನ್ ಜೋರಾಯಿತು, ಫ್ಯಾನು ಗುಂಯ್‌ಗುಟ್ಟಿತು, ಸುಟ್ಟ ವಾಸನೆ ಬಂತು. ಡ್ರೈವರಿನ ಕೈ ಇಂಜಿನ್ ಆರಿಸುವ ಬಟನ್ ಕಡೆಗೆ ಹೋಯಿತು.

“ತಡೀರಿ ಅಣ್ಣ” ಎಂದೆ.

“ಹೀಟಾಗ್ತಿದೆ ಕಣೋ! ಆಫ್ ಮಾಡೋ! ಎಷ್ಟು ಸಲ ಹೇಳಿದೀನಿ ನಿಂಗೆ, ಫ್ಯಾನ್ ಸದ್ದು ಬಂದ ತಕ್ಷಣ ಆಫ್ ಮಾಡ್ಬೇಕು ಅಂತ!” ಹಿಂದಿನಿಂದ ಯಜಮಾನರ ಕೂಗು.

ಆರಿಸಲು ಹೇಳಿಕೊಟ್ಟವರೂ ಇವರೇ. ಡ್ರೈವರ್ ನನ್ನನ್ನು ನೋಡಿದರು. ನಾನು ಹಿಂದಕ್ಕೆ ತಿರುಗಿ ಸ್ಕ್ಯಾನರನ್ನು ಯಜಮಾನರ ಕೈಗೆ ಕೊಟ್ಟೆ.

“ಇಂಜಿನ್ ಹೀಟ್ ಇಲ್ಲಿದೆ ನೋಡಿ ಸಾರ್, ಮಾಮೂಲಿ. ಇದು ಸೈಲೆನ್ಸರ್ ಫಿಲ್ಟರ್ ಹೀಟು, ಇದು ಬೇಕಂತಲೇ ಏರ್ತಿರೋದು. ಮಸಿ ಸುಡ್ತಿದೆ. ಈಗ ಆಫ್ ಮಾಡಿದ್ರೆ ಅದಕ್ಕೆ ಅಂತ ಹಾಕಿದ ಡೀಸೆಲ್ ದಂಡ. ಇಷ್ಟು ದಿನ ಆಗಿದ್ದು ಇದೇ. ಎಳನೀರು ಆಮೇಲೆ ಕುಡಿಯೋಣ. ಅಣ್ಣ, ಕನಕಪುರ ರೋಡಿಗೆ ಹೋಗಿ. ಮೂರನೇ ಗೇರಲ್ಲೇ ಇರ್ಲಿ. ಸಾರ್, ದಯವಿಟ್ಟು ಭುಜ ತಟ್ಟಬೇಡಿ.”

ಮೊದಲ ಹತ್ತು ನಿಮಿಷ ಯಜಮಾನರು ಚಡಪಡಿಸಿದರು. ಇಂಜಿನ್ ಸದ್ದು ಏರಿದಾಗಲೆಲ್ಲ ಕೈ ಮುಂದೆ ಬಂದು ಹಿಂದೆ ಹೋಗುತ್ತಿತ್ತು. ಆಮೇಲೆ ಸ್ಕ್ಯಾನರಿನಲ್ಲಿ ಮಸಿಯ ಅಂಕಿ ಇಳಿಯುವುದನ್ನು ನೋಡುತ್ತಾ ಕೂತರು. ಕೊನೆಗೊಮ್ಮೆ ಬಿಸಿ ತಾನಾಗಿ ತಗ್ಗಿತು, ಗಾಡಿಯ ಓಟ ಹಗುರಾಯಿತು. ಡ್ರೈವರ್ “ಹಾ, ಬಿಟ್ಕೊಳ್ತು” ಎಂದರು ತಮಗೇ ತಿಳಿಯದೆ.

ಗ್ಯಾರೇಜಿನಲ್ಲಿ ಗೇಜ್ ಕಡ್ಡಿಯನ್ನು ಯಜಮಾನರ ಕೈಯಲ್ಲೇ ಎಳೆಸಿದೆ. ಗುರುತಿಗೆ ಸರಿಯಾಗಿ ತುಂಬಿದ್ದ ಆಯಿಲ್ ಗುರುತು ದಾಟಿ ಮೇಲೆ ಬಂದಿತ್ತು. ಮೂಸಿ ನೋಡಿ ಎಂದೆ. ಮೂಸಿದರು. ಆಮೇಲೆ ಬಂಕಿಗೆ ಹೋಗಿ ತಾವೇ ಟ್ಯಾಂಕ್ ತುಂಬಿಸಿ ಬಂದರು. ಆ ವಾರದ ಮೈಲೇಜ್ ಹತ್ತಕ್ಕೆ ಬಿದ್ದಿತ್ತು, ಮೊದಲಿನ ಹಾಗೆಯೇ. ಡೀಸೆಲ್ ಹಾಕಿಸಿದವರು ತಾವೇ, ಕಾವಲು ಕಾದವರೂ ತಾವೇ. ಕದಿಯಲು ಮೂರನೆಯವರಿಗೆ ಅವಕಾಶವೇ ಇರಲಿಲ್ಲ.

ಯಜಮಾನರು ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕರ್ಚೀಫಿನಿಂದ ಬೆರಳು ಒರೆಸಿಕೊಂಡರು.

“ಸರಿ ಬಿಡಿ. ಶುಕ್ರವಾರ ಪ್ರಮಾಣ ಗಿಮಾಣ ಏನೂ ಬೇಡ” ಎಂದರು.

“ಬೇಕು ಯಜಮಾನ್ರೇ” ಎಂದರು ಬಾಗಿಲಲ್ಲಿ ನಿಂತಿದ್ದ ಡ್ರೈವರ್. ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. “ನಾನು ಹಿಂದೆ ಸರಿದೆ ಅಂತ ಊರಿಗೆಲ್ಲ ಗೊತ್ತು. ಈ ಮಿಷನ್ ವಿಷ್ಯ ಯಾರಿಗೆ ಗೊತ್ತಾಗುತ್ತೆ?”

ನಾನು ಗುಡಿಗೆ ಹೋಗಲಿಲ್ಲ, ಅದು ನನ್ನ ಕೆಲಸವಲ್ಲ. ಅಲ್ಲಿ ನಡೆದದ್ದನ್ನು ಆಮೇಲೆ ಯಜಮಾನರೇ ಹೇಳಿದರು. ಡ್ರೈವರ್ ಎಲ್ಲರ ಮುಂದೆ, “ಡೀಸೆಲ್ ಮಾರಿಲ್ಲ, ಯಾರಿಗೂ ಕೊಟ್ಟಿಲ್ಲ. ಮಧ್ಯಾಹ್ನ ಎ.ಸಿ. ಹಾಕ್ಕೊಂಡು ಮಲಗಿದ್ದು ನಿಜ” ಎಂದು ಹೇಳಿ ಕರ್ಪೂರ ಆರಿಸಿದರಂತೆ. ಕೆಲವರು ಕಿಸಕ್ಕನೆ ನಕ್ಕರಂತೆ. ಯಜಮಾನರೂ ಅವನು ಕಳ್ಳನಲ್ಲ, ಡೀಸೆಲ್ ಇಂಜಿನ್ನಲ್ಲೇ ಸಿಕ್ಕಿತು ಎಂದು ಊರವರಿಗೆ ಹೇಳಿದರಂತೆ. ಕೆಲಸವೂ ಉಳಿಯಿತು, ಮನೆಯೂ ಉಳಿಯಿತು.

ಕೆಲವು ತಿಂಗಳ ಮೇಲೆ ಸರ್ವಿಸ್ಸಿಗೆ ಬಂದರು. ಆಯಿಲ್ ಗುರುತಿನಲ್ಲೇ ಇತ್ತು, ಮೈಲೇಜ್ ಹದಿನಾಲ್ಕು, ಹದಿನೈದು. ವಾರಕ್ಕೊಮ್ಮೆ ಕನಕಪುರ ರಸ್ತೆಯಲ್ಲಿ ಹದವಾಗಿ ಒಂದು ಓಟ ಓಡಿಸುತ್ತಾರಂತೆ. ಇಬ್ಬರೂ ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು. ನಾನು ಖುಷಿಯಾಗಿ ಕೆಲಸ ಮುಗಿಸಿದೆ. ಯಜಮಾನರು ಮಾತ್ರ ಎದ್ದು ಹೋಗದೆ ಕೂತೇ ಇದ್ದರು.

“ಇನ್ನೇನಾದ್ರೂ ತೊಂದ್ರೆ ಇದ್ಯಾ ಸಾರ್?”

“ಗಾಡೀಲಿ ಏನಿಲ್ಲ.” ಹೊರಗೆ ನೋಡಿದರು. “ಅವ್ನು ಮಧ್ಯಾಹ್ನ ಎಲ್ಲೇ ಇದ್ರೂ ಗಾಡಿ ನಿಲ್ಸಿ, ಕೀ ತಂದು ನನ್ ಕೈಗೆ ಕೊಟ್ಟು ಹೋಗ್ತಾನೆ. ಬೇಡ ಕಣೋ, ಎ.ಸಿ. ಹಾಕ್ಕೊಂಡು ಮಲ್ಕೋ, ನಾನೇ ಹೇಳ್ತಿದೀನಲ್ಲ ಅಂದ್ರೂ ಕೇಳಲ್ಲ. ಬಿಸಿಲಲ್ಲಿ ಯಾವ್ದೋ ಮೆಟ್ಟಿಲ ಮೇಲೆ ಕೂತಿರ್ತಾನೆ. ಒಂದ್ ಮಾತಿಲ್ಲ, ಕಥೆಯಿಲ್ಲ. ಹದಿನೆಂಟು ವರ್ಷ ಆಯ್ತು ಮೇಡಂ ನಮ್ಮನೇಲಿ. ಹಿಂಗಿರ್ಲಿಲ್ಲ.”

“ತಪ್ಪಾಯ್ತು ಅಂತ ಕೇಳಿದ್ರಾ ಸಾರ್?”

“ಗುಡಿ ಮುಂದೆ, ಎಲ್ಲರ ಎದುರಿಗೆ ಹೇಳಿದ್ನಲ್ಲ, ಕಳ್ಳ ಅಲ್ಲ ಅಂತ.”

“ಅದು ಊರಿಗೆ ಹೇಳಿದ್ದು. ಅವ್ರಿಗೆ ಏನು ಹೇಳಿದ್ರಿ?”

ಯಜಮಾನರ ಮುಖ ಗಂಟಿಕ್ಕಿತು. ನಾನು ಮಿತಿ ಮೀರಿದೆನೇನೋ, ಈ ಗಿರಾಕಿ ಇನ್ನು ಬರುವುದಿಲ್ಲವೇನೋ ಎಂದುಕೊಂಡೆ. ಅವರು ಎದ್ದು ಹೋಗಿ ಕಾರಿನಲ್ಲಿ ಕೂತರು. ಡ್ರೈವರ್ ಬಾಗಿಲು ಹಾಕಿ ತಮ್ಮ ಸೀಟಿಗೆ ಬಂದರು. ಹಿಂದಿನ ಗಾಜಿನಿಂದ ನೋಡಿದರೆ ಯಜಮಾನರು ಮುಂದಕ್ಕೆ ಬಾಗಿದ್ದರು, ಡ್ರೈವರ್ ಪೂರ್ತಿ ಹಿಂದಕ್ಕೆ ತಿರುಗಿದ್ದರು. ಗಾಡಿ ಹೊರಡಲಿಲ್ಲ. ನಮ್ಮ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ಎದ್ದರು. “ಸ್ಟಾರ್ಟ್ ಆಗ್ತಿಲ್ವೇನೋ ಅಕ್ಕ, ಬ್ಯಾಟರಿ ನೋಡ್ಲಾ?”

ಅವರ ಕೈ ಹಿಡಿದು ಕೂರಿಸಿದೆ. ಬ್ಯಾಟರಿ ಚೆನ್ನಾಗಿತ್ತು, ಬೆಳಿಗ್ಗೆ ನಾನೇ ನೋಡಿದ್ದೆ.